ಗಣಕಯಂತ್ರಕ್ಕೆ ಜೀರ್ಣೋದ್ಧಾರ ಸಲ್ಲದೇ?

2025ರ ದೀಪಾವಳಿ. ಬೆಳಗಿನ ಜಾವದಲ್ಲಿ ಭಗವಾನ್ ಮಹಾವೀರರ ನಿರ್ವಾಣ ಪೂಜೆಯನ್ನು ಪೂರೈಸಿಕೊಂಡು ಕೆರೂರಿನ ನಮ್ಮ ಮನೆಗೆ ಮರಳಿದಾಗ ಪಡಸಾಲೆಯಲ್ಲಿ ಮಗನಿಗೂ ಮೊಮ್ಮಗನಿಗೂ ವಾಗ್ವಾದ ನಡೆದಿತ್ತು. ವಿವಾದದ ವಸ್ತು ಮೂಲೆಯ ಮೇಜಿನ ಮೇಲಿದ್ದ ಗಣಕಯಂತ್ರ. 2018ರಲ್ಲಿ ಕೊಂಡದ್ದು, ಅದರಲ್ಲಿ ಓದು ನಡೆದದ್ದಕ್ಕಿಂತ ಆಟ ನಡೆದದ್ದೇ ಹೆಚ್ಚೆಂಬುದನ್ನು ಮುಚ್ಚಿಡಲಾರೆ. ಈಚೆಗೆ ಆಟಗಳು ತಡವರಿಸುತ್ತಿದ್ದವು, ಯಂತ್ರ ಕಾದು ತಾನೇ ನಿಂತುಹೋಗುತ್ತಿತ್ತು. ಮೇಲಾಗಿ ಅದರೊಳಗಿನ ವಿಂಡೋಸ್ 10 ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಅದೇ ಅಕ್ಟೋಬರ್ 14ಕ್ಕೆ ಮುಗಿದಿತ್ತು. ಹೊಸ ವಿಂಡೋಸ್ 11 ಈ ಯಂತ್ರವನ್ನು ಒಪ್ಪಲೊಲ್ಲದು. ಸಮೀಪದ ನಗರದ ಅಂಗಡಿಯವರೊಬ್ಬರು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯದೆ, "ಇದರ ಆಯುಷ್ಯ ತೀರಿತು, ಗುಜರಿಗೆ ಹಾಕಿ ಹೊಸದನ್ನು ಒಯ್ಯಿರಿ" ಎಂದಿದ್ದರಂತೆ. ಮೊಮ್ಮಗ ಆ ಮಾತನ್ನೇ ಹಿಡಿದಿದ್ದ. ಮಗನದು ಇನ್ನೊಂದು ಅತಿರೇಕ: "ಈ ಪಾಪದ ಪೆಟ್ಟಿಗೆಯೇ ಮನೆಯಲ್ಲಿ ಬೇಡ, ಇಂದೇ ಹೊರಗೆ ಹಾಕುತ್ತೇನೆ."

ಇಬ್ಬರ ಮಾತೂ ಬೇರೆಬೇರೆಯಾಗಿ ಕೇಳಿದರೂ ಅವು ಮುಟ್ಟುವ ಸ್ಥಳ ಒಂದೇ. ಇಬ್ಬರ ತೀರ್ಮಾನದಲ್ಲಿಯೂ ಹಳೆಯ ಯಂತ್ರ ಗುಜರಿಗೆ ಹೋಗುತ್ತದೆ. ಅದು ಅಲ್ಲಿ ಏನಾಗುತ್ತದೆಂದು ಇಬ್ಬರೂ ಕೇಳಲಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ನಮ್ಮ ಸಮಾಜದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲವೆಂಬ ನೋವೇ ಈ ಲೇಖನಕ್ಕೆ ಕಾರಣ.

ನನ್ನ ವಾದವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಆಟಕ್ಕಾಗಿ ಬಳಸುವ ಹಳೆಯ ಗಣಕಯಂತ್ರವನ್ನು ಸುಧಾರಿಸಿಕೊಳ್ಳಬೇಕೋ, ಇಡಿಯಾಗಿ ಬದಲಿಸಬೇಕೋ ಎಂಬುದು ಕೇವಲ ಹಣದ ಲೆಕ್ಕವೂ ಅಲ್ಲ, ವೇಗದ ಲೆಕ್ಕವೂ ಅಲ್ಲ. ಅದು ವ್ರತದ ಪ್ರಶ್ನೆ. ಬಹುತೇಕ ಅಂಗಗಳು ಸುಸ್ಥಿತಿಯಲ್ಲಿರುವ ಯಂತ್ರವನ್ನು ತ್ಯಜಿಸಿ ಹೊಸದನ್ನು ತರುವುದು ಶ್ರಾವಕನಿಗೆ ಅನರ್ಥದಂಡ. ಮೊದಲು ನಮಗೆಷ್ಟು ಸಾಕೆಂಬ ಪರಿಮಾಣವನ್ನು ನಿಶ್ಚಯಿಸಬೇಕು. ಅನಂತರ ಯಾವ ಅಂಗ ಆ ಪರಿಮಾಣಕ್ಕೆ ಕೊರತೆಯಾಗಿದೆಯೋ ಅದೊಂದನ್ನೇ ಸರಿಪಡಿಸಬೇಕು. ಬೇರೆ ದಾರಿಯೇ ಇಲ್ಲದಾಗ ಮಾತ್ರ ಬದಲಿಸಬೇಕು.

"ಕಬ್ಬಿಣ ತಗಡು ಪ್ಲಾಸ್ಟಿಕ್ಕುಗಳ ಪೆಟ್ಟಿಗೆಯಲ್ಲಿ ಯಾವ ಜೀವವಿದೆ, ಯಾವ ಹಿಂಸೆ?" ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಇತರರಿಗೆ ಒಪ್ಪಬಹುದು, ಜೈನರಿಗೆ ಒಪ್ಪದು. ಪೃಥ್ವೀಕಾಯ, ಅಪ್ಕಾಯ, ತೇಜಸ್ಕಾಯ, ವಾಯುಕಾಯ, ವನಸ್ಪತಿಕಾಯ ಎಂಬ ಏಕೇಂದ್ರಿಯ ಜೀವಗಳನ್ನು ಗುರುತಿಸಿದ ಧರ್ಮ ನಮ್ಮದು. ಮಣ್ಣನ್ನು ಅಗೆಯುವಾಗಲೂ ಅಲ್ಲೊಂದು ಜೀವರಾಶಿಗೆ ಬಾಧೆಯಾಗುತ್ತದೆಂದು ತಿಳಿಸಿದ ಆಚಾರ್ಯರ ಪರಂಪರೆ ನಮ್ಮದು. ಗೃಹಸ್ಥನು ಈ ಹಿಂಸೆಯನ್ನು ಸಂಪೂರ್ಣವಾಗಿ ಬಿಡಲಾರನೆಂಬುದನ್ನು ಶಾಸ್ತ್ರಕಾರರು ಬಲ್ಲರು. ಆದ್ದರಿಂದಲೇ ಅವರು ಅವನಿಗೆ ಹೇಳಿದ್ದು, ಪ್ರಯೋಜನವಿಲ್ಲದೆ ಮಾಡಬೇಡ ಎಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳುವಾಗ, ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಫಲವಾಗಿ ಕದಡುವುದನ್ನು ಪ್ರಮಾದಚರ್ಯೆ ಎಂದು ಎಣಿಸಿದ್ದಾರೆ. ಈ ಮಾತನ್ನು ನಾವು ನಲ್ಲಿಯ ನೀರಿಗೆ, ಹೂವು ಕೀಳುವುದಕ್ಕೆ ಅನ್ವಯಿಸುತ್ತೇವೆ. ಒಂದು ಲಕ್ಷ ರೂಪಾಯಿಯ ಯಂತ್ರಕ್ಕೆ ಅನ್ವಯಿಸಲು ಏಕೆ ಸಂಕೋಚ?

ಆ ನೆಲ ಕದಡುವ ಸ್ಥಳಗಳು ಎಲ್ಲಿಯೋ ಸಾಗರದಾಚೆ ಮಾತ್ರ ಇಲ್ಲ. ಇಲಕಲ್ಲಿನಿಂದ ಪೂರ್ವಕ್ಕೆ ಹೋದರೆ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಅಲ್ಲಿ ಒಂದು ಟನ್ ಅದಿರನ್ನು ಪಾತಾಳದಿಂದ ಮೇಲೆತ್ತಿ, ಪುಡಿಗುಟ್ಟಿ, ರಾಸಾಯನಿಕದಲ್ಲಿ ತೊಳೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಕೋಲಾರದ ಚಿನ್ನದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಕಡೆಗೆ ನಷ್ಟ ತಾಳಲಾರದೆ 2001ರಲ್ಲಿ ಮುಚ್ಚಿತು. ಸಯನೈಡಿನಿಂದ ಸಂಸ್ಕರಿಸಿದ ಅದಿರಿನ ತ್ಯಾಜ್ಯದ ದಿಬ್ಬಗಳು ಅಲ್ಲಿ ಉಳಿದುಕೊಂಡಿವೆ. ಗಣಕಯಂತ್ರದ ಮದರ್‌ಬೋರ್ಡ್, ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್ ಕಾರ್ಡುಗಳ ಸಂಪರ್ಕ ತುದಿಗಳಲ್ಲಿ ಹೊಳೆಯುವ ಹಳದಿ ಲೇಪ ಅಂಥದೇ ಚಿನ್ನ. ಅದರ ಜೊತೆಗೆ ತಾಮ್ರವಿದೆ, ತವರವಿದೆ, ಮಧ್ಯ ಆಫ್ರಿಕದ ಕಾಂಗೋ ದೇಶದ ಪೂರ್ವ ಭಾಗದಲ್ಲಿ ರಕ್ತಪಾತದ ನಡುವೆ ಅಗೆಯಲಾಗುವ ಅದಿರಿನಿಂದ ಬರುವ ಟ್ಯಾಂಟಲಮ್ ಇದೆ. ಒಂದು ಟನ್ ಅದಿರಿನಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಚಿನ್ನ ಒಂದು ಟನ್ ಹಳೆಯ ಸರ್ಕ್ಯೂಟ್ ಬೋರ್ಡುಗಳಲ್ಲಿರುತ್ತದೆ. ಹೀಗಿದ್ದೂ ನಾವು ಆ ಬೋರ್ಡನ್ನು ಕಸವೆಂದು ಎಸೆದು, ಮತ್ತೊಂದು ಟನ್ ನೆಲವನ್ನು ಅಗೆಯಲು ಹಣ ತೆರುತ್ತೇವೆ.

ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ನೆಯ ವರ್ಷವೊಂದರಲ್ಲಿಯೇ ಜಗತ್ತಿನಲ್ಲಿ ಹುಟ್ಟಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಮಾತ್ರ. ಉಳಿದದ್ದು ಎಲ್ಲಿಗೆ ಹೋಯಿತು? ಅದನ್ನು ನಾನು ಅಂಕಿ-ಅಂಶಗಳಿಂದ ತಿಳಿದವನಲ್ಲ, ಕಣ್ಣಾರೆ ಕಂಡವನು.

ಇಲ್ಲಿ ನನ್ನದೊಂದು ದೋಷವನ್ನು ನಿವೇದಿಸಿಕೊಳ್ಳಬೇಕು. 2018ರಲ್ಲಿ ಈ ಯಂತ್ರ ಬಂದಾಗ ಅದಕ್ಕೂ ಹಿಂದಿನ ಗಣಕಯಂತ್ರವನ್ನು, ಅದರ ಭಾರವಾದ ಗಾಜಿನ ಪರದೆಯ ಸಮೇತ, ಬಾಗಿಲಿಗೆ ಬಂದ ಗುಜರಿಯವನಿಗೆ ಕೆಲವು ನೂರು ರೂಪಾಯಿಗೆ ಕೊಟ್ಟವನು ನಾನೇ. ಮನೆ ಹಗುರಾಯಿತೆಂದು ಸಂತೋಷಪಟ್ಟೆ. ಕೆಲವು ವಾರಗಳ ಬಳಿಕ ಸಂಜೆಯ ತಿರುಗಾಟದಲ್ಲಿ ಊರ ಹೊರಗಿನ ಹಳ್ಳದ ದಂಡೆಯಲ್ಲಿ ಕಪ್ಪು ಹೊಗೆ ಕಂಡಿತು. ಇಬ್ಬರು ಹುಡುಗರು ತಂತಿಗಳ ಗುಡ್ಡೆಗೆ ಬೆಂಕಿ ಹಚ್ಚಿ, ಮೇಲಿನ ಪ್ಲಾಸ್ಟಿಕ್ ಉರಿದುಹೋದ ಮೇಲೆ ಒಳಗಿನ ತಾಮ್ರವನ್ನು ಕೋಲಿನಿಂದ ಎಳೆದು ತೆಗೆಯುತ್ತಿದ್ದರು. ಪಕ್ಕದಲ್ಲಿ ಪರದೆಯ ಒಡೆದ ಗಾಜು ಚೆಲ್ಲಿತ್ತು. ಆ ಹಳೆಯ ಬಗೆಯ ಪರದೆಗಳ ಗಾಜಿನಲ್ಲಿ ಸೀಸವಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ನನ್ನ ಯಂತ್ರವೇ ಆಗಿತ್ತೋ, ಬೇರೆಯವರದೋ, ಕೇಳುವ ಧೈರ್ಯ ನನಗಾಗಲಿಲ್ಲ. ಮರುದಿನ ಅದೇ ಹಳ್ಳದಲ್ಲಿ ಕುರಿಗಳು ನೀರು ಕುಡಿಯುತ್ತಿದ್ದವು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸಿ, ಸೋಸಿದ ನೀರನ್ನು ಕುಡಿದು, ಗಡ್ಡೆ-ಗೆಣಸುಗಳನ್ನು ಬಿಟ್ಟು ಬದುಕಿದವನು ಒಂದೇ ಮಧ್ಯಾಹ್ನದ ಅಜಾಗರೂಕತೆಯಿಂದ ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ಎಷ್ಟು ಜೀವಗಳ ಬಾಧೆಗೆ ಪಾಲುದಾರನಾದೆ! ಆ ಹುಡುಗರೂ ಪಂಚೇಂದ್ರಿಯ ಜೀವಗಳೇ ಅಲ್ಲವೇ?

ಇನ್ನು ನಮ್ಮ ಪರಂಪರೆಯತ್ತ ನೋಡೋಣ. ಕರ್ನಾಟಕದ ಬಸದಿಗಳಿಗೆ ದತ್ತಿ ಕೊಟ್ಟ ಶಾಸನಗಳನ್ನು ಓದಿದವರು ಬಲ್ಲರು: ದೇವರ ಅಷ್ಟವಿಧಾರ್ಚನೆ, ಋಷಿಗಳ ಆಹಾರದಾನಗಳ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ' ಎಂಬ ಪದವೂ ಮತ್ತೆ ಮತ್ತೆ ಬರುತ್ತದೆ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಶಿಥಿಲವಾದದ್ದನ್ನು ಸರಿಪಡಿಸುವುದಕ್ಕೆಂದೇ ಭೂಮಿಯನ್ನು ಬಿಟ್ಟರು ನಮ್ಮ ಹಿರಿಯರು. ಬಿರುಕು ಬಿಟ್ಟಿತೆಂದು ಬಸದಿಯನ್ನು ಕೆಡವಿ ಹೊಸದನ್ನು ಕಟ್ಟಿರೆಂದು ಅವರು ಹೇಳಲಿಲ್ಲ. ಹೊಸ ಬಸದಿಯನ್ನು ಕಟ್ಟಿಸುವುದಕ್ಕಿಂತ ಹಳೆಯದನ್ನು ಉದ್ಧರಿಸುವುದು ಮಿಗಿಲಾದ ಪುಣ್ಯವೆಂಬ ಮಾತನ್ನು ನಾವೆಲ್ಲ ಹಿರಿಯರ ಬಾಯಿಂದ ಕೇಳಿ ಬೆಳೆದವರು. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿ, ಪಾರ್ಶ್ವನಾಥರನ್ನೂ, 634ರಲ್ಲಿ ರವಿಕೀರ್ತಿ ಕಟ್ಟಿಸಿದ ಐಹೊಳೆಯ ಮೇಗುತಿಯನ್ನೂ ಮಕ್ಕಳಿಗೆ ತೋರಿಸಿ ಹೆಮ್ಮೆಪಡುವ ನಾವು, ಅದೇ ಮಕ್ಕಳಿಗೆ ಏಳು ವರ್ಷದ ಯಂತ್ರವನ್ನು 'ಪುರಾತನ' ಎಂದು ಎಸೆಯಲು ಕಲಿಸುತ್ತಿದ್ದೇವೆ.

ಶಾಸನಗಳವರೆಗೂ ಹೋಗುವುದು ಬೇಡ, ಇಲಕಲ್ಲಿನ ಮಗ್ಗದ ಮುಂದೆ ನಿಂತರೂ ಸಾಕು. ಇಲಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಮೈಗೆ ರೇಷ್ಮೆಯ ಸೆರಗನ್ನು ಎಳೆ-ಎಳೆಗೆ ಕೊಂಡಿ ಹಾಕಿ ನೇಕಾರ ಕೂಡಿಸುತ್ತಾನೆ. ಎರಡು ಬೇರೆ ಹಾಸುಗಳು ಒಂದೇ ವಸ್ತ್ರವಾಗುತ್ತವೆ. ಆಟದ ಗಣಕಯಂತ್ರವೂ ಹಾಗೆಯೇ ಕೂಡಿಸಿ ಮಾಡಿದ ವಸ್ತು. ಅದರ ಪ್ರತಿಯೊಂದು ಅಂಗವೂ ಕಳಚಲು, ಮರಳಿ ಜೋಡಿಸಲು ಬರುವಂಥದ್ದು. ಮೊಬೈಲಿನಂತೆ ಅಂಟು ಹಾಕಿ ಮುಚ್ಚಿದ್ದಲ್ಲ. ಬಿಚ್ಚಿ ಕೂಡಿಸಲೆಂದೇ ಮಾಡಿದ ವಸ್ತುವನ್ನು ಬಿಚ್ಚದೆಯೇ ಎಸೆಯುವುದು ಅವಿವೇಕವಲ್ಲದೆ ಇನ್ನೇನು?

ಇಲ್ಲಿ ನನ್ನ ಮಗನಂಥ ಶ್ರದ್ಧಾವಂತರ ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. "ಗುಂಡು ಹೊಡೆಯುವ, ಕೊಲ್ಲುವ ಆಟದ ಯಂತ್ರಕ್ಕೆ ಜೀರ್ಣೋದ್ಧಾರವೆಂಬ ಪವಿತ್ರ ಶಬ್ದವನ್ನು ಬಳಸುವುದೇ ತಪ್ಪು" ಎನ್ನುತ್ತಾರೆ ಅವರು. ಅವರ ಕಳವಳವನ್ನು ನಾನು ಹಗುರವಾಗಿ ಕಾಣುವುದಿಲ್ಲ. 1209ರಲ್ಲಿ ಜನ್ನ ಕವಿ ರಚಿಸಿದ 'ಯಶೋಧರ ಚರಿತೆ'ಯಲ್ಲಿ ಬಲಿಯಾದದ್ದು ಜೀವಂತ ಕೋಳಿಯಲ್ಲ, ಹಿಟ್ಟಿನ ಕೋಳಿ. ಆದರೂ ಕೊಲ್ಲುವ ಸಂಕಲ್ಪ ಭವಭವಗಳಲ್ಲಿ ಬೆನ್ನಟ್ಟಿತು. ಪರದೆಯ ಮೇಲಿನ ಕೊಲೆಯನ್ನು 'ಬರೀ ಚಿತ್ರ' ಎಂದು ತಳ್ಳಿಹಾಕುವ ಸ್ವಾತಂತ್ರ್ಯ ಈ ಕಥೆಯನ್ನು ಬಲ್ಲ ನಮಗಿಲ್ಲ. ಆದ್ದರಿಂದ ಯಾವ ಆಟ ಸಲ್ಲುತ್ತದೆ, ಎಷ್ಟು ಹೊತ್ತು ಸಲ್ಲುತ್ತದೆ ಎಂಬುದನ್ನು ಮನೆಯಲ್ಲಿ ಮೊದಲು ನಿಶ್ಚಯಿಸಬೇಕೆಂಬುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಹಿಟ್ಟಿನ ಕೋಳಿಗಾಗಿ ಮರುಗುವವರು ಹಳ್ಳದ ದಂಡೆಯ ಹೊಗೆಗೂ ಮರುಗಬೇಕಲ್ಲವೇ? ಕೋಪದಿಂದ ಹೊರಗೆಸೆದ ಪೆಟ್ಟಿಗೆ ಆಸೆಯಿಂದ ಹೊರಗೆಸೆದ ಪೆಟ್ಟಿಗೆಗಿಂತ ಕಡಿಮೆ ವಿಷವನ್ನು ಉಗುಳುವುದಿಲ್ಲ. ಅದೇ ಯಂತ್ರದಲ್ಲಿ ಚದುರಂಗವೂ ಇದೆ, ನಗರ ಕಟ್ಟುವ ಆಟವೂ ಇದೆ, ಪಾಠವೂ ಇದೆ. ಆಟವನ್ನು ತಿದ್ದಲು ಯಂತ್ರವನ್ನು ಸುಡಬೇಕಾಗಿಲ್ಲ.

ಆಟದ ಮಿತಿಯನ್ನು ಮೊದಲು ನಿಶ್ಚಯಿಸಬೇಕೆನ್ನುವುದಕ್ಕೆ ಇನ್ನೊಂದು ವ್ಯಾವಹಾರಿಕ ಕಾರಣವೂ ಇದೆ. ಭೋಗೋಪಭೋಗ ಪರಿಮಾಣವಿಲ್ಲದವನಿಗೆ ಯಾವ ಯಂತ್ರವೂ ಸಾಲದು. ಪ್ರತಿ ವರ್ಷ ಹೊಸ ಕಾರ್ಡು ಬರುತ್ತದೆ, ಅದನ್ನೇ ಬೇಡುವ ಹೊಸ ಆಟ ಬರುತ್ತದೆ. 'ಇಂತಿಂಥ ಆಟಗಳು, ಇಷ್ಟು ಸ್ಪಷ್ಟತೆಯ ಪರದೆಯಲ್ಲಿ, ತಡವರಿಸದೆ ನಡೆದರೆ ಸಾಕು' ಎಂದು ಬರೆದಿಟ್ಟುಕೊಂಡವನಿಗೆ ಮಾತ್ರ ತನ್ನ ಯಂತ್ರಕ್ಕೆ ಏನು ಕೊರತೆಯೆಂದು ತಿಳಿಯುತ್ತದೆ. ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದರ ಮೇಲಿನ ಮೂರ್ಛೆಯಲ್ಲಿ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ತಿಳಿಸಿರುವುದು ಇಲ್ಲಿಯೂ ಸತ್ಯ.

ಮಿತಿ ನಿಶ್ಚಯವಾದ ಮೇಲೆ ಪರೀಕ್ಷೆ. ನಮ್ಮ ಮನೆಯ ಯಂತ್ರದಲ್ಲಿ ನಡೆದದ್ದನ್ನೇ ಹೇಳುತ್ತೇನೆ, ಉಳಿದವರಿಗೆ ಮಾದರಿಯಾದೀತು. ಬಾಗಲಕೋಟೆಯಲ್ಲಿ ಓದಿದ ಬಂಧುವೊಬ್ಬ ಬಂದು ಮುಚ್ಚಳ ತೆಗೆದ. ಬಯಲುಸೀಮೆಯ ಬಿಸಿಲು, ಹೆದ್ದಾರಿಯ ಧೂಳು ನಮ್ಮ ಕೆರೂರಿನ ಪಾಲಿಗೆ ಬಂದ ಭಾಗ್ಯ. ಗಾಳಿಪಂಕಗಳು ಧೂಳಿನಿಂದ ಕಂಬಳಿಯಂತಾಗಿದ್ದವು. ಪ್ರೊಸೆಸರಿನ ತಾಪವನ್ನು ಹೊರಗೊಯ್ಯುವ ಲೇಪ ಒಣಗಿ ಸುಣ್ಣದಂತಾಗಿತ್ತು. ಧೂಳು ತೆಗೆದು ಹೊಸ ಲೇಪ ಹಚ್ಚಿದ್ದಕ್ಕೆ ಯಂತ್ರ ತಾನೇ ನಿಂತುಹೋಗುವುದು ನಿಂತಿತು. ಆಯುಷ್ಯ ತೀರಿತೆಂದು ಅಂಗಡಿಯವರು ಹೇಳಿದ ರೋಗದ ಅರ್ಧಕ್ಕೆ ಔಷಧ ಒಂದು ಮೆತ್ತನೆಯ ಕುಂಚವಾಗಿತ್ತು.

ಎರಡನೆಯದು, ಯಂತ್ರದಲ್ಲಿ ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಇತ್ತು. ಅದರ ಸ್ಥಾನದಲ್ಲಿ ಒಂದು ಎಸ್‌ಎಸ್‌ಡಿಯನ್ನು ಹಾಕಿ, ಹಳೆಯದನ್ನು ಕುಟುಂಬದ ಛಾಯಾಚಿತ್ರಗಳ ಭಂಡಾರವಾಗಿ ಒಳಗೇ ಉಳಿಸಿಕೊಂಡೆವು. ಮೂರನೆಯದು, 8 ಜಿಬಿ ಮೆಮೊರಿ ಈಗಿನ ಆಟಗಳಿಗೆ ಕಡಿಮೆ. ಬಂಧುವಿನ ಮನೆಯಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಇನ್ನೊಂದು 8 ಜಿಬಿ ಪಟ್ಟಿ ಬಂದು ಸೇರಿತು. ಕೃತಕ ಬುದ್ಧಿಮತ್ತೆಯ ಬೃಹತ್ ಕೇಂದ್ರಗಳಿಗೆ ಮೆಮೊರಿ ಹರಿದುಹೋಗಿ 2025ರ ಕೊನೆಯಲ್ಲಿ ಅದರ ಬೆಲೆ ಗಗನಕ್ಕೇರಿದ್ದರಿಂದ, ಮನೆಯಲ್ಲಿರುವ ಹಳೆಯ ಪಟ್ಟಿಯ ಮಹತ್ವ ಅಂದು ಎಲ್ಲರಿಗೂ ಅರಿವಾಯಿತು. ನಾಲ್ಕನೆಯದು ಪ್ರೊಸೆಸರ್. ಅದು 2017ರಲ್ಲಿ ಬಂದ ಎಎಂಡಿ ರೈಜೆನ್‌ನ ಮೊದಲ ಪೀಳಿಗೆಯದು. ವಿಂಡೋಸ್ 11ರ ಅನುಮೋದಿತ ಪಟ್ಟಿಯಲ್ಲಿ ಅದಿಲ್ಲ. ಆದರೆ ಅದು ಕೂರುವ ಎಎಂ4 ಎಂಬ ಗೂಡು ಹಲವು ಪೀಳಿಗೆಗಳಿಗೆ ಒಂದೇ. 2022ರಿಂದ ಆ ಮೊದಲ ಮದರ್‌ಬೋರ್ಡುಗಳಲ್ಲಿ ಅನೇಕವು, ಬಯಾಸ್ ಎಂಬ ಮೂಲ ತಂತ್ರಾಂಶವನ್ನು ನವೀಕರಿಸಿದರೆ, ರೈಜೆನ್ 5000 ಸರಣಿಯ ಪ್ರೊಸೆಸರುಗಳನ್ನೂ ಸ್ವೀಕರಿಸುತ್ತವೆ. ನಮ್ಮದೂ ಸ್ವೀಕರಿಸಿತು, ವಿಂಡೋಸ್ 11 ತಕರಾರಿಲ್ಲದೆ ಕುಳಿತಿತು. ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ, ಪೆಟ್ಟಿಗೆ, ಪರದೆ, ಕೀಲಿಮಣೆ ಯಾವುದನ್ನೂ ಮುಟ್ಟಲಿಲ್ಲ. ಒಟ್ಟು ವೆಚ್ಚ ಹೊಸ ಯಂತ್ರದ ಬೆಲೆಯ ಕಾಲುಭಾಗವನ್ನೂ ಮುಟ್ಟಲಿಲ್ಲ.

ಎಲ್ಲ ಯಂತ್ರಗಳಿಗೂ ಇಷ್ಟು ಸುಲಭದ ದಾರಿ ಇರುವುದಿಲ್ಲವೆಂಬುದನ್ನು ಒಪ್ಪುತ್ತೇನೆ. 2013-14ರ ಇಂಟೆಲ್ ಯಂತ್ರವೊಂದರಲ್ಲಿ ಪ್ರೊಸೆಸರನ್ನು ಬದಲಿಸಹೊರಟರೆ ಮದರ್‌ಬೋರ್ಡ್ ಬದಲಾಗಬೇಕು, ಅದು ಬದಲಾದರೆ ಹಳೆಯ ಡಿಡಿಆರ್3 ಮೆಮೊರಿಯೂ ನಿರುಪಯುಕ್ತವಾಗುತ್ತದೆ. ಮೂರೂ ಒಟ್ಟಿಗೆ ಬದಲಾಗುವುದಾದರೆ ಅದನ್ನು ಸುಧಾರಣೆಯೆನ್ನುವುದು ಆತ್ಮವಂಚನೆ, ಅದು ಬದಲಾವಣೆಯೇ. ಪವರ್ ಸಪ್ಲೈ ಕಿಡಿ ಕಾರುತ್ತಿದ್ದರೆ, ಬೋರ್ಡಿನ ಮೇಲಿನ ಕೆಪಾಸಿಟರುಗಳು ಉಬ್ಬಿ ಸೋರುತ್ತಿದ್ದರೆ, ಜಿಪುಣತನದಿಂದ ಅದನ್ನೇ ಓಡಿಸುವುದು ಮನೆಯವರ ಜೀವಕ್ಕೆ ಅಪಾಯ. ಅಂಥಲ್ಲಿ ಬದಲಿಸಿರಿ. ಆದರೆ ಆಗಲೂ ಪೆಟ್ಟಿಗೆ, ಪರದೆ, ಎಸ್‌ಎಸ್‌ಡಿ, ಕೀಲಿಮಣೆಗಳನ್ನು ಹೊಸದಕ್ಕೆ ಹೊಂದಿಸಿಕೊಳ್ಳಿರಿ. ಆಲಮಟ್ಟಿಯ ಹಿನ್ನೀರಿಗೆ ಮನೆ ಕಳೆದುಕೊಂಡು ಬಂದವರು ಹಳೆಯ ಮನೆಯ ತೊಲೆ, ಬಾಗಿಲುಗಳನ್ನು ಬಿಚ್ಚಿ ತಂದು ಹೊಸ ಮನೆಗೆ ಕೂಡಿಸಿದ್ದನ್ನು ನಾನು ಕಂಡಿದ್ದೇನೆ. ಮುಳುಗುವ ಮನೆಯನ್ನು ಬಿಡಲೇಬೇಕಾಗಿತ್ತು, ಬಾಗಿಲನ್ನು ಬಿಡಬೇಕಾಗಿರಲಿಲ್ಲ.

ಇನ್ನು, ಆಟಕ್ಕೆ ಬಳಸದ ಹಳೆಯ ಯಂತ್ರ ವಿಂಡೋಸ್ 11ನ್ನು ಒಪ್ಪದಿದ್ದರೂ ಅದು ಸತ್ತಂತಲ್ಲ. ಟಿಪಿಎಂ 2.0 ಎಂಬ ರಕ್ಷಣಾ ವ್ಯವಸ್ಥೆ, ನಿಗದಿತ ಪಟ್ಟಿಯ ಪ್ರೊಸೆಸರ್ ಇವು ಒಂದು ಸಂಸ್ಥೆಯ ನಿಬಂಧನೆಗಳೇ ಹೊರತು ಯಂತ್ರದ ಆಯುಷ್ಯದ ಲಕ್ಷಣಗಳಲ್ಲ. ಗೃಹಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ರ ರಕ್ಷಣಾ ನವೀಕರಣವನ್ನು ವಿಸ್ತರಿಸಿಕೊಳ್ಳುವ ಅವಕಾಶವನ್ನು ಆ ಸಂಸ್ಥೆಯೇ ನೀಡಿತು. ಉಚಿತವಾಗಿ ದೊರೆಯುವ ಲಿನಕ್ಸ್ ಇದೆ. 2018ರಲ್ಲಿ ಬಂದ ಪ್ರೋಟಾನ್ ಎಂಬ ತಂತ್ರಾಂಶದ ನೆರವಿನಿಂದ ವಿಂಡೋಸಿಗೆಂದು ರಚಿತವಾದ ಎಷ್ಟೋ ಆಟಗಳೂ ಅದರಲ್ಲಿ ನಡೆಯುತ್ತವೆ.

"ಹೊಸ ಯಂತ್ರ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ, ಆದ್ದರಿಂದ ಅದೇ ಅಹಿಂಸೆ" ಎಂಬ ಜಾಣ ವಾದವೊಂದಿದೆ. ಲೆಕ್ಕ ಹಾಕಿ ನೋಡೋಣ. 400 ವ್ಯಾಟ್ ಬೇಡುವ ಯಂತ್ರವನ್ನು ದಿನಕ್ಕೆ 3 ಗಂಟೆ ನಡೆಸಿದರೆ ವರ್ಷಕ್ಕೆ 438 ಯೂನಿಟ್. ಅದೇ ಆಟವನ್ನು 2 ಗಂಟೆಗೆ ಇಳಿಸಿದರೆ 292. ಒಂದು ರೂಪಾಯಿ ವೆಚ್ಚವಿಲ್ಲದೆ, ಒಂದು ಹಿಡಿ ಮಣ್ಣು ಅಗೆಯದೆ 146 ಯೂನಿಟ್ ಉಳಿಯಿತು. ಇನ್ನು ಹೊಸದು ಕಡಿಮೆ ಬೇಡುತ್ತದೆಂಬುದೂ ಎಲ್ಲ ಕಾಲಕ್ಕೂ ನಿಜವಲ್ಲ. ಎನ್ವಿಡಿಯಾ ಸಂಸ್ಥೆಯ ಜಿಟಿಎಕ್ಸ್ 1060 ಕಾರ್ಡು 2016ರಲ್ಲಿ ಬಂದಾಗ ಬೇಡಿದ್ದು 120 ವ್ಯಾಟ್. 2025ರಲ್ಲಿ ಬಂದ ಆರ್‌ಟಿಎಕ್ಸ್ 5090 ಬೇಡುವುದು 575 ವ್ಯಾಟ್. ಒಂದು ವರ್ಗದ ಮಧ್ಯಮ ಕಾರ್ಡನ್ನು ಇನ್ನೊಂದು ವರ್ಗದ ಅತ್ಯುಚ್ಚ ಕಾರ್ಡಿಗೆ ಹೋಲಿಸುವುದು ಸರಿಯಲ್ಲವೆಂದು ಯಾರಾದರೂ ಹೇಳಬಹುದು. ನಿಜ, ಆದರೆ ಮಧ್ಯಮದಿಂದ ಅತ್ಯುಚ್ಚಕ್ಕೆ ಹಾರುವುದೇ ಅಲ್ಲವೇ ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು? ಹೊಸದನ್ನು ಕೊಳ್ಳುವವರಲ್ಲಿ ಹಿಂದಿನಷ್ಟೇ ಸಾಕೆಂದು ಕೊಳ್ಳುವವರು ಎಷ್ಟು ಮಂದಿ?

ನಮ್ಮ ಸಮಾಜದಲ್ಲಿ ವ್ಯಾಪಾರಸ್ಥರು ಬಹಳ. "ಎಲ್ಲರೂ ದುರಸ್ತಿ ಮಾಡಿಕೊಂಡರೆ ಮಾರುವವರ ಗತಿಯೇನು?" ಎಂದು ಅವರು ಕೇಳಬಹುದು. ದುರಸ್ತಿಯೂ ವ್ಯಾಪಾರವೇ. ಮುಚ್ಚಳ ತೆಗೆದು, ರೋಗ ಹುಡುಕಿ, ಬೇಕಾದ ಒಂದೇ ಅಂಗವನ್ನು ಮಾರುವವನಿಗೆ ಗಿರಾಕಿ ಹತ್ತು ವರ್ಷ ಬಿಡದೆ ಬರುತ್ತಾನೆ. ಮತ್ತೊಂದು ಮಾತು: ಅಸ್ತೇಯ ವ್ರತದ ಅತಿಚಾರಗಳಲ್ಲಿ ಕಳವಿನ ಮಾಲನ್ನು ಕೊಳ್ಳುವುದನ್ನೂ, ನಕಲಿಯನ್ನು ಅಸಲಿಯೆಂದು ಮಾರುವುದನ್ನೂ ಆಚಾರ್ಯರು ಸೇರಿಸಿದ್ದಾರೆ. ಇಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆ 2022ರ ಸೆಪ್ಟೆಂಬರಿನಲ್ಲಿ ನಿಂತಾಗ, ಹಗಲಿರುಳು ದುಡಿದು ಸವೆದ ಅಸಂಖ್ಯ ಗ್ರಾಫಿಕ್ಸ್ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಹಳೆಯದನ್ನು ಹಳೆಯದೆಂದು ಹೇಳಿ ಮಾರಿದರೆ ಅದು ಸದ್ವ್ಯವಹಾರ. ಒರೆಸಿ, ಹೊಸ ಪೆಟ್ಟಿಗೆಯಲ್ಲಿಟ್ಟು ಮಾರಿದರೆ ಸ್ತೇಯ. ಕದ್ದ ಪ್ರತಿಯ ವಿಂಡೋಸನ್ನೂ, ಕದ್ದ ಆಟಗಳನ್ನೂ ಯಂತ್ರಕ್ಕೆ ತುಂಬಿಸಿಕೊಂಡು ಪರ್ಯೂಷಣದಲ್ಲಿ ಕ್ಷಮೆ ಕೇಳುವ ಮನೆಗಳಿಗೂ ಈ ಮಾತು ಸಲ್ಲುತ್ತದೆ.

ದುರಸ್ತಿಯ ಪಕ್ಷದವರಿಗೂ ಒಂದು ಎಚ್ಚರಿಕೆ ಬೇಕು. ಮೂರು ತಿಂಗಳಿಗೊಮ್ಮೆ ಒಂದೊಂದು ಅಂಗವನ್ನು ಬದಲಿಸುತ್ತ, ಕಳಚಿದವುಗಳನ್ನು ಕಪಾಟಿನಲ್ಲಿ ತುಂಬುತ್ತ ಹೋಗುವ ತರುಣರನ್ನು ಕಂಡಿದ್ದೇನೆ. ಸುಧಾರಣೆಯ ಹೆಸರಿನಲ್ಲಿ ನಡೆಯುವ ಈ ಕಂತಿನ ಖರೀದಿ ಇಡಿಯಾಗಿ ಬದಲಿಸುವುದಕ್ಕಿಂತ ಕಡಿಮೆ ಪರಿಗ್ರಹವೇನಲ್ಲ. ಬರೆದಿಟ್ಟ ಮಿತಿಯನ್ನು ಯಂತ್ರ ಮುಟ್ಟಿದ ದಿನ ಅಂಗಡಿಯ ದಾರಿಯನ್ನು ಮರೆಯಬೇಕು.

ಕಡೆಯದಾಗಿ, ಬಸದಿಗಳ ವಿಶ್ವಸ್ತ ಮಂಡಳಿಗಳ ಮಹನೀಯರಿಗೆ ಕೈಮುಗಿದು ಕೆಲವು ಮಾತು. ಮನೆಯಲ್ಲಿ ಬೇಡವಾದ ಗಣಕಯಂತ್ರವನ್ನು ಬಸದಿಗೋ, ಪಾಠಶಾಲೆಗೋ ತಂದಿಟ್ಟು 'ದಾನ' ಎಂದು ರಸೀದಿ ಪಡೆಯುವ ಪದ್ಧತಿ ಬೆಳೆಯುತ್ತಿದೆ. ನಡೆಯುವ ಯಂತ್ರವನ್ನು ಶುಚಿಗೊಳಿಸಿ, ಪರೀಕ್ಷಿಸಿ ಕೊಟ್ಟರೆ ಅದು ಶಾಸ್ತ್ರದಾನಕ್ಕೆ ಸಮೀಪದ ಪುಣ್ಯ. ಅದರಲ್ಲಿ ಮಕ್ಕಳು ಓದುತ್ತಾರೆ, ಹಸ್ತಪ್ರತಿಗಳ ಚಿತ್ರಗಳನ್ನು ಕಾಪಿಡಬಹುದು. ಸತ್ತ ಯಂತ್ರವನ್ನು ಕೊಡುವುದು ದಾನವಲ್ಲ. ತನ್ನ ಕಸವನ್ನು ದೇವರ ಉಗ್ರಾಣಕ್ಕೆ ಸಾಗಿಸುವುದು. ಅಂಥದನ್ನು ವಿನಯದಿಂದ ನಿರಾಕರಿಸಿರಿ. ಕಚೇರಿಯ ಯಂತ್ರವನ್ನು ವಾರ್ಷಿಕೋತ್ಸವದ ನೆಪದಲ್ಲಿ ಬದಲಿಸಬೇಡಿರಿ. ಮುಚ್ಚಳ ತೆಗೆದು ನೋಡಿದವರ ಬರಹದ ವರದಿಯಿಲ್ಲದೆ ಹೊಸದಕ್ಕೆ ಠರಾವು ಮಾಡಬೇಡಿರಿ.

ನಿಜವಾಗಿ ಸತ್ತ ಯಂತ್ರಗಳಿಗೆ ಒಂದು ವ್ಯವಸ್ಥೆ ಬೇಕು, ಅದನ್ನು ಮಂಡಳಿಗಳೇ ಮಾಡಬಲ್ಲವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆಯೇ ಹೊಣೆಯನ್ನು ಹೊರಿಸಿವೆ. ನೋಂದಾಯಿತ ಮರುಬಳಕೆದಾರರ ಮೂಲಕವೇ ತ್ಯಾಜ್ಯ ಸಾಗಬೇಕೆಂದು ವಿಧಿಸಿವೆ. ನಮ್ಮ ರಾಜ್ಯದಲ್ಲಿ ಅಂಥ ಸಂಸ್ಥೆಗಳಿವೆ. ಬೆಂಗಳೂರಿನ ಬಳಿಯ ದಾಬಸ್‌ಪೇಟೆಯ ಇ-ಪರಿಸರ ದೇಶದಲ್ಲಿಯೇ ಮೊದಮೊದಲಿಗೆ ಈ ಕೆಲಸಕ್ಕಿಳಿದ ಸಂಸ್ಥೆಗಳಲ್ಲೊಂದು. ಒಂದು ಮನೆಯ ಒಂದು ಪೆಟ್ಟಿಗೆಗಾಗಿ ಅಷ್ಟು ದೂರ ಹೋಗಲು ಯಾರಿಗೂ ಸಾಧ್ಯವಾಗದು. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲ, ಕೆರೂರುಗಳ ಮನೆಗಳಿಂದ ವರ್ಷಕ್ಕೊಮ್ಮೆ, ಮಹಾವೀರ ಜಯಂತಿಯ ವಾರದಲ್ಲಿ, ಒಂದೆಡೆ ಕೂಡಿಸಿ ಒಂದೇ ವಾಹನದಲ್ಲಿ ನೋಂದಾಯಿತ ಸಂಸ್ಥೆಗೆ ಕಳುಹಿಸಿ ಪ್ರಮಾಣಪತ್ರ ಪಡೆಯುವುದು ಯಾವ ಮಂಡಳಿಗೂ ಭಾರವಾಗದು. ಸಾವಿರಾರು ಜನರಿಗೆ ಊಟದ ವ್ಯವಸ್ಥೆ ಮಾಡುವ ನಮಗೆ ಹತ್ತಿಪ್ಪತ್ತು ಪೆಟ್ಟಿಗೆಗಳ ಸಾಗಣೆ ಎಷ್ಟರದು?

ನಮ್ಮ ಮನೆಯ ಯಂತ್ರ ಈಗ ಮೊದಲಿನ ಮೂಲೆಯಲ್ಲಿಯೇ ನಡೆಯುತ್ತಿದೆ. ಮೊಮ್ಮಗನ ಆಟ ದಿನಕ್ಕೆರಡು ಗಂಟೆ. ಆಟಗಳ ಪಟ್ಟಿಯನ್ನು ಅವನೂ ಅವನ ತಂದೆಯೂ ಕೂಡಿ ಬರೆದರು, ಎರಡನ್ನು ಅವನೇ ಹೊಡೆದುಹಾಕಿದ. ಪ್ರತಿ ತಿಂಗಳ ಚತುರ್ದಶಿಯಂದು ಮುಚ್ಚಳ ತೆಗೆದು ಧೂಳು ಒರೆಸುತ್ತಾನೆ. ಕಳಚಿ ತೆಗೆದ ಹಳೆಯ ಪ್ರೊಸೆಸರನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ಅದು ಬೇಕಾದ ಯಾವುದಾದರೂ ಮನೆಯಿದ್ದರೆ ಕೊಡುತ್ತೇನೆ. ಇಲ್ಲವಾದರೆ ಮಂಡಳಿಯವರು ವಾಹನ ಕಳುಹಿಸುವ ದಿನಕ್ಕೆ ಕಾಯುತ್ತೇನೆ. ಹಳ್ಳದ ದಂಡೆಗೆ ಮಾತ್ರ ನಮ್ಮ ಮನೆಯಿಂದ ಇನ್ನೊಂದು ತಂತಿಯೂ ಹೋಗಕೂಡದು.